ಏಳನೇ ರೀಲಿನ ಮಚ್ಚೆ

“ಕೈ ತೆಗೀರಿ... ಅದು ಕೊಳೆ ಅಲ್ಲ!”

ಬೆನ್ನ ಹಿಂದೆ ಗಂಡು ದನಿ ಕೇಳಿ ಅವಳು ಕುರ್ಚಿಯಲ್ಲೇ ಬೆಚ್ಚಿಬಿದ್ದಳು. ಮಬ್ಬುಗತ್ತಲೆಯ ಕೋಣೆ. ಎದುರಿನ ಪರದೆಯ ತುಂಬ ಹಳೆಯ ಕಪ್ಪು ಬಿಳುಪು ಚಿತ್ರವೊಂದರ ನಾಯಕಿಯ ಮುಖ. ಆ ಮುಖದ ಎಡಗೆನ್ನೆಯ ಮೇಲಿದ್ದ ಕರಿಚುಕ್ಕೆಯನ್ನು ಇನ್ನೇನು ಅಳಿಸಬೇಕು, ಅಷ್ಟರಲ್ಲಿ ಮೌಸ್ ಹಿಡಿದಿದ್ದ ಅವಳ ಕೈಯನ್ನು ಯಾರೋ ಗಪ್ಪನೆ ಹಿಡಿದುಬಿಟ್ಟಿದ್ದರು.

“ಕೊಳೆ ಅಲ್ಲದೆ ಇನ್ನೇನು?”

“ಮಚ್ಚೆ... ಅವರದ್ದೇ.”

ಹೇಳಿದ ಮೇಲೆ, ತಾನು ಹಿಡಿದಿರುವುದು ಗುರುತು ಪರಿಚಯವಿಲ್ಲದ ಹುಡುಗಿಯ ಕೈ ಎಂಬುದು ಅವನಿಗೆ ಹೊಳೆಯಿತು. ಕಾದ ಹಂಚು ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಕಿವಿಯವರೆಗೂ ಕೆಂಪಾದ. ಬೈಯಬೇಕೆಂದು ಬಾಯಿ ತೆರೆದ ಅವಳಿಗೆ ಒಂದು ಬೈಗುಳವೂ ನೆನಪಾಗಲಿಲ್ಲ. ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿದೆ ಎಂದು ತನ್ನ ಮೇಲೇ ಸಿಟ್ಟು ಬಂತು.

ಹಳೆಯ ಸಿನಿಮಾಗಳನ್ನು ತೊಳೆಯುವುದು ಅವಳ ಕೆಲಸ. ರೀಲನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಅದರ ಮೇಲಿನ ಧೂಳು, ಗೀರು, ಬೂಷ್ಟನ್ನು ಫ್ರೇಮಿನಿಂದ ಫ್ರೇಮಿಗೆ ಒರೆಸುತ್ತಾ ಹೋಗಬೇಕು. ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮು. ಸೊಂಟ ಬಿದ್ದುಹೋಗುವ ದುಡಿಮೆ, ಆದರೆ ಅವಳಿಗೆ ಅದರಲ್ಲಿ ಕೈ ಪಳಗಿತ್ತು.

ಈ ಸಲ ಬಂದದ್ದು ಅಂತಿಂಥ ಚಿತ್ರವಲ್ಲ. ಇದರ ಅಭಿಮಾನಿಗಳು ಒಂದು ಸಂಘವನ್ನೇ ಕಟ್ಟಿಕೊಂಡಿದ್ದರು. ಸವೆದ ಟೇಪು, ಟಿವಿಯ ಮಬ್ಬು ಪ್ರಿಂಟು ನೋಡಿ ನೋಡಿ ಬೇಸತ್ತು, ಒಂದು ಒಳ್ಳೆಯ ಡಿಸ್ಕ್ ಹೊರತನ್ನಿ ಎಂದು ಚಿತ್ರದ ಕಂಪನಿಗೆ ಹನ್ನೊಂದು ವರ್ಷ ಪತ್ರ ಬರೆದಿದ್ದರು. ಕೊನೆಗೆ ಕಂಪನಿ ಒಂದು ಷರತ್ತಿನ ಮೇಲೆ ಒಪ್ಪಿತು. ಸಂಘ ಒಪ್ಪಿದರೆ ಡಿಸ್ಕ್ ಹೊರಬರುತ್ತದೆ, ಇಲ್ಲದಿದ್ದರೆ ರೀಲು ಮತ್ತೆ ಗೋದಾಮಿಗೆ.

ಆ ಪತ್ರಗಳನ್ನೆಲ್ಲ ಬರೆದ ಕಾರ್ಯದರ್ಶಿಯೇ ಈಗ ಕೈ ಹಿಡಿದವನು. ಹಿಂದಿನ ಬೀದಿಯಲ್ಲಿ ಅವನದೊಂದು ಕನ್ನಡಕದ ಅಂಗಡಿ. ಮಧ್ಯಾಹ್ನ ಅಂಗಡಿಗೆ ಬಾಗಿಲು ಹಾಕಿ ಲ್ಯಾಬಿಗೆ ಬಂದು, ಯಾವುದು ಕೊಳೆ, ಯಾವುದು ಸಿನಿಮಾದ್ದೇ ಎಂದು ಹೇಳಿಕೊಡಬೇಕು. ತೊಳೆದ ಒಂದೊಂದು ರೀಲನ್ನೂ ಅವಳ ಪಕ್ಕ ಕೂತು ನೋಡಿ, “ಪರಿಶೀಲಿಸಲಾಗಿದೆ” ಎಂದು ಸಹಿ ಹಾಕಬೇಕು.

ಹೀಗೆ ಶುರುವಾಯಿತು. ಒಂದು ವಾರಕ್ಕೆ ಅವಳಿಗೆ ಅವನ ಹೆಜ್ಜೆ ಸದ್ದು ಗೊತ್ತಾಗತೊಡಗಿತು. ಎರಡನೇ ವಾರ ಅವನು ತನಗೊಂದು, ಅವಳಿಗೊಂದು ಎಂದು ಎರಡು ಲೋಟ ಟೀ ಹಿಡಿದು ಬರತೊಡಗಿದ. ಮೂರನೇ ವಾರ ಅವಳು ಮಧ್ಯಾಹ್ನಕ್ಕೆಂದೇ ತಲೆ ಬಾಚಿಕೊಂಡು ಬಂದಳು.

ಅವನು ಗಮನಿಸಲಿಲ್ಲ. ಅಥವಾ, ಗಮನಿಸಲಿಲ್ಲ ಎಂದು ಅವಳು ಅಂದುಕೊಂಡಳು. ಯಾಕೆಂದರೆ ಅವನ ಬಾಯಲ್ಲಿ ಬರುತ್ತಿದ್ದದ್ದೆಲ್ಲ ಪರದೆಯ ಮೇಲಿನವಳ ಮಾತೇ! ಅವಳ ನಗು, ಅವಳ ನಡಿಗೆ, ಅವಳು ಸೆರಗು ಸರಿಪಡಿಸಿಕೊಳ್ಳುವ ರೀತಿ... ದಿನವೂ ಹೊರಡುವಾಗ ತಪ್ಪದೆ ಒಂದೇ ಪ್ರಶ್ನೆ. ಏಳನೇ ರೀಲು ಯಾವಾಗ ಬರುತ್ತದೆ?

ಏಳನೇ ರೀಲಿನಲ್ಲಿ ನಾಯಕಿ ಕಿಟಕಿಯ ಬಳಿ ನಿಂತು ನಗುವ ಒಂದು ದೃಶ್ಯವಿದೆ. ಇಡೀ ಚಿತ್ರದಲ್ಲಿ ಎಡಗೆನ್ನೆಯ ಮೇಲಿರುವ ಮಚ್ಚೆ ಅಲ್ಲಿ ಮಾತ್ರ ಬಲಗೆನ್ನೆಗೆ ಹೋಗಿದೆಯಂತೆ. ಅದು ಕಾಡಿಗೆಯ ಮಚ್ಚೆ, ಮೇಕಪ್ಪಿನವನು ಮರೆತು ಆ ಕಡೆ ಇಟ್ಟುಬಿಟ್ಟನೆಂದು ಸಂಘದ ಅರ್ಧ ಜನ ಹೇಳಿದರೆ, ಅದೆಲ್ಲ ನಿಮ್ಮ ಭ್ರಮೆ ಎಂದು ಇನ್ನರ್ಧ ಜನ. ಟೇಪಿನಲ್ಲಿ ಅವಳ ಮುಖವೇ ಕಲಸಿದ ಹಿಟ್ಟು, ಇನ್ನು ಮಚ್ಚೆ ಎಲ್ಲಿ ಕಾಣಬೇಕು? ಡಿಸ್ಕ್ ಬಂದರೆ ಮೂವತ್ತು ವರ್ಷದ ಜಗಳ ತೀರುತ್ತದೆ ಎಂದು ಎಲ್ಲರೂ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು.

ಅವಳಿಗೆ ಅದೆಲ್ಲ ಬೇಕಿರಲಿಲ್ಲ. ‘ನನ್ನ ಜೊತೆ ಕೂತಾಗಲೂ ಅವಳದ್ದೇ ಧ್ಯಾನ’ ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು.

ಒಂದು ದಿನ ಅವನು ಬಸ್ಸಿನ ಚೀಟಿ ಹುಡುಕಲು ಪರ್ಸು ತೆರೆದ. ಒಳಗೆ ಅಂಗೈ ಅಗಲದ ಫೋಟೋ. ಅದೇ ನಗು, ಅದೇ ಮಚ್ಚೆ! ಆವತ್ತು ಅವನು ತಂದ ಟೀಯನ್ನು ಅವಳು ಮುಟ್ಟಲೇ ಇಲ್ಲ.

ಮನೆಯಲ್ಲಿ ಅತ್ತಿಗೆಯ ಮುಂದೆ ಎಲ್ಲವನ್ನೂ ಕಕ್ಕಿದಳು. ಅಣ್ಣನ ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಅತ್ತಿಗೆ ಬಿದ್ದು ಬಿದ್ದು ನಕ್ಕಳು.

“ಅಲ್ವೇ ಪುಟ್ಟಿ, ಅವಳು ತೀರಿಕೊಂಡು ಎಷ್ಟು ವರ್ಷ ಆಯ್ತೇ? ಮದುವೆಗೆ ಮುಂಚೇನೇ ಸವತಿ ಮಾಡ್ಕೊಂಡ್ಯಲ್ಲ, ಅದೂ ಸತ್ತವಳನ್ನ!”

“ನಗ್ಬೇಡಿ ಅತ್ತಿಗೆ. ಬದುಕಿರೋರ ಜೊತೆ ಆದ್ರೆ ಜಗಳನಾದ್ರೂ ಆಡಬಹುದು. ಅವಳಿಗೆ ವಯಸ್ಸೂ ಆಗಲ್ಲ, ಒಂದು ಮೊಡವೇನೂ ಏಳಲ್ಲ. ಅವಳ ಮುಖದ ಮೇಲಿನ ಧೂಳು ಒರೆಸಿ ಒರೆಸಿ ಅಂದ ಹೆಚ್ಚಿಸ್ತಿರೋದು ಬೇರೆ ನಾನೇ!”

ಹೇಳುತ್ತ ಹೇಳುತ್ತ ಅವಳಿಗೆ ನಿಜವಾಗಿಯೂ ಅಳು ಬಂತು. ಅತ್ತಿಗೆ ನಗು ನಿಲ್ಲಿಸಿ ತಲೆ ಸವರಿದಳು. ಬಾಯಿಬಿಟ್ಟು ಅವನನ್ನೇ ಕೇಳಬಾರದೇ ಎಂದಳು. ಕೇಳಿ ಇಲ್ಲ ಅನ್ನಿಸಿಕೊಳ್ಳುವುದಕ್ಕಿಂತ ಕೇಳದೆ ಉರಿಯುವುದೇ ವಾಸಿ ಎಂದು ನಮ್ಮ ಹುಡುಗಿಯ ವಾದ.

ಕೊನೆಗೂ ಏಳನೇ ರೀಲು ಬಂತು. ಇಡೀ ಚಿತ್ರದಲ್ಲಿ ಅದರಷ್ಟು ಹಾಳಾದ ರೀಲು ಇನ್ನೊಂದಿರಲಿಲ್ಲ, ಮೈತುಂಬ ಗೀರು, ಅಂಚಿನಲ್ಲಿ ಬೂಷ್ಟು. ಮೂರು ವಾರ ಹಿಡಿಯಿತು. ಆ ಮೂರು ವಾರವೂ ಅವನ ಮುಖದಲ್ಲಿ ಹಬ್ಬದ ಕಳೆ. ಅವಳ ಮುಖ ಮಾತ್ರ ದಿನದಿಂದ ದಿನಕ್ಕೆ ಗಂಟಿಕ್ಕುತ್ತ ಹೋಯಿತು.

ಕಡೆಗೆ ಉಳಿದದ್ದು ಕಿಟಕಿಯ ದೃಶ್ಯ. ಬೆಳಿಗ್ಗೆ ಒಬ್ಬಳೇ ಕೂತು ತೊಳೆದಳು. ಪೊರೆ ಸರಿದಂತೆ ಮುಖ ತಿಳಿಯಾಯಿತು. ಬಲಗೆನ್ನೆಯ ಮೇಲೆ, ಸಂಶಯಕ್ಕೆ ಎಡೆಯೇ ಇಲ್ಲದಂತೆ, ಮಚ್ಚೆ! ಆ ನಾಯಕಿ ನಗುತ್ತಿದ್ದಳು. ಅವಳಿಗೆ ಅದು ತನ್ನನ್ನೇ ನೋಡಿ ನಕ್ಕಂತೆ ಕಂಡಿತು.

‘ನಗು... ನಗು. ನೋಡೋಣ ಎಷ್ಟು ಹೊತ್ತು ನಗ್ತೀಯ.’

ಮಚ್ಚೆಯ ಸುತ್ತ ಒಂದು ಗೆರೆ ಎಳೆದು ಅದನ್ನು ಕೊಳೆ ಎಂದು ಯಂತ್ರಕ್ಕೆ ತೋರಿಸಿದಳು. ಒಂದು ಸಲ ತೋರಿಸಿದರೆ ಸಾಕು, ನಲವತ್ತು ಸೆಕೆಂಡಿನ ದೃಶ್ಯದ ಒಂದೊಂದು ಫ್ರೇಮಿನಿಂದಲೂ ಯಂತ್ರ ತಾನಾಗಿಯೇ ಒರೆಸಿಹಾಕುತ್ತದೆ. ಟೀ ಆರುವಷ್ಟರಲ್ಲಿ ಕೆನ್ನೆ ನುಣ್ಣಗಾಯಿತು.

ಮುಚ್ಚಿಡುವ ಉದ್ದೇಶ ಅವಳಿಗಿರಲಿಲ್ಲ. ಮಧ್ಯಾಹ್ನ ಅವನು ಬಂದು ನೋಡುತ್ತಾನೆ, ಹೌಹಾರುತ್ತಾನೆ, ಆಗ ‘ಒಂದು ಚುಕ್ಕೆಗೆ ಇಷ್ಟು ಸಂಕಟಪಡ್ತೀರಲ್ಲ, ಪಕ್ಕದಲ್ಲಿ ಕೂತವಳು ಕಾಣಲ್ವಾ’ ಎಂದು ಕೇಳಿಯೇಬಿಡಬೇಕು ಅಂದುಕೊಂಡಿದ್ದಳು. ಮಾತೆಲ್ಲ ಬಾಯಿಪಾಠ ಮಾಡಿಟ್ಟುಕೊಂಡಿದ್ದಳು.

ಅವನು ಬಂದ. ಇಬ್ಬರೂ ಅಕ್ಕಪಕ್ಕ ಕೂತು ರೀಲು ಪೂರ್ತಿ ನೋಡಿದರು. ಕಿಟಕಿಯ ದೃಶ್ಯ ಬಂತು, ಹೋಯಿತು. ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ.

“ತುಂಬಾ ಚೆನ್ನಾಗಿ ಬಂದಿದೆ” ಎಂದು ಅವನು ಸಹಿ ಹಾಕಿದ!

ಅವಳು ಕಲ್ಲಾದಳು. ‘ಮಚ್ಚೆ ಹೋದದ್ದೂ ಗೊತ್ತಾಗದಷ್ಟು ಮೈಮರೆತು ನೋಡ್ತಾನಾ ಅವಳನ್ನ?’ ಹೊಟ್ಟೆಕಿಚ್ಚಿನ ಬುದ್ಧಿಯೇ ಹಾಗೆ. ಹಗಲು ಹೊತ್ತಿನಷ್ಟು ಸ್ಪಷ್ಟವಾದದ್ದು ಎದುರಿಗಿದ್ದರೂ ತನಗೆ ಬೇಕಾದ ಕತ್ತಲನ್ನೇ ಹುಡುಕಿಕೊಳ್ಳುತ್ತದೆ. ಆ ಉರಿಯಲ್ಲೇ ಅವಳು ಬಾಯಿಬಿಡಲಿಲ್ಲ. ಮರುದಿನ ಹೇಳೋಣ ಎಂದುಕೊಳ್ಳುವಷ್ಟರಲ್ಲಿ ಮ್ಯಾನೇಜರು ಮಾದರಿ ಡಿಸ್ಕ್ ಮಾಡಿಸಿ ಸಂಘಕ್ಕೆ ಕಳಿಸಿಯಾಗಿತ್ತು.

ಭಾನುವಾರ ಸಂಘದವರು ಅದನ್ನು ನೋಡಿದರು. ಸೋಮವಾರ ಅವನು ಬರಲಿಲ್ಲ. ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ಅಂಗಡಿಯ ಮುಂದೆ ಎರಡು ಸಲ ಸುಮ್ಮನೆ ಹಾದುಹೋದಳು, ಬಾಗಿಲು ಹಾಕಿತ್ತು.

ಗುರುವಾರ ಮ್ಯಾನೇಜರು ಸುದ್ದಿ ತಂದರು. ಎಡಗೆನ್ನೆಯ ಪಕ್ಷ, ಬಲಗೆನ್ನೆಯ ಪಕ್ಷ ಎರಡೂ ಒಂದಾಗಿ ಕೂಗಾಡಿದ್ದವಂತೆ, ಮಚ್ಚೆ ಯಾವ ಕೆನ್ನೆಯಲ್ಲೂ ಇಲ್ಲವಲ್ಲ ಎಂದು. ಈ ಡಿಸ್ಕ್ ಬೇಡ ಎಂದು ಭಾನುವಾರ ಕಂಪನಿಗೆ ಪತ್ರ ಹೋಗುತ್ತದಂತೆ. ಕಾರ್ಯದರ್ಶಿ ಲ್ಯಾಬಿನ ಮೇಲೆ ಒಂದು ಮಾತನ್ನೂ ಆಡಲಿಲ್ಲವಂತೆ. ನೋಡಿ ಸಹಿ ಹಾಕಿದವನು ನಾನು, ತಪ್ಪು ನನ್ನದು, ರಾಜೀನಾಮೆ ತಗೊಳ್ಳಿ ಎಂದು ತಲೆ ತಗ್ಗಿಸಿ ನಿಂತನಂತೆ.

ಹನ್ನೊಂದು ವರ್ಷದ ಪತ್ರಗಳು... ಅವಳ ಕಣ್ಣು ಮಂಜಾಯಿತು. ಅತ್ತಿಗೆಗೆ ಹೇಳಿದಾಗ ಈ ಸಲ ಅವಳು ನಗಲಿಲ್ಲ.

“ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತೇನೇ?”

“ಮೂಗು ಬರಲ್ಲ ಅತ್ತಿಗೆ. ಮಚ್ಚೆ ಬರುತ್ತೆ. ತೊಳೆಯೋದಕ್ಕೆ ಮುಂಚಿನ ಪ್ರತಿ ಹಾಗೇ ಇಟ್ಟಿದ್ದೀನಿ, ಮೂರು ದಿನದ ಕೆಲಸ. ಆದ್ರೆ ಅವರು ಬರ್ತಾರಾ?”

“ಕೂತಲ್ಲೇ ಕೂತಿದ್ರೆ ಯಾರು ಬರ್ತಾರೆ? ಎದ್ದು ಹೋಗು.”

ಭಾನುವಾರ ಗ್ರಂಥಾಲಯದ ಮಹಡಿಯ ಮೇಲಿನ ಕೋಣೆಯಲ್ಲಿ ಸಂಘದ ಸಭೆ. ಮಡಚುವ ಕುರ್ಚಿಗಳ ಮೇಲೆ ಮೂವತ್ತು ಜನ, ಹೆಚ್ಚಿನವರ ತಲೆ ನೆರೆತಿತ್ತು. ಬಾಗಿಲಲ್ಲಿ ನಿಂತ ಅವಳಿಗೆ ಮೊದಲು ಕಂಡದ್ದು ಪ್ರತಿಯೊಬ್ಬರ ಕೊರಳಲ್ಲೂ ನೇತಾಡುತ್ತಿದ್ದ ಗುರುತಿನ ಚೀಟಿ. ಎಲ್ಲದರ ಮೇಲೂ ಅದೇ ನಾಯಕಿಯ ಫೋಟೋ! ಅವನ ಪರ್ಸಿನಲ್ಲಿದ್ದದ್ದು ಸಂಘದ ಸದಸ್ಯತ್ವದ ಚೀಟಿ. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಧ್ಯಕ್ಷರು ಒಬ್ಬ ಮುದುಕರು, ಎಲ್ಲರೂ ರೀಲುತಾತ ಎನ್ನುತ್ತಿದ್ದರು. ಆ ಚಿತ್ರ ಓಡಿದಷ್ಟು ವಾರವೂ ಟಾಕೀಸಿನಲ್ಲಿ ಪ್ರೊಜೆಕ್ಟರ್ ನಡೆಸಿದವರು. ಅವರ ಪಕ್ಕದಲ್ಲಿ ಅವನು ನಿಂತಿದ್ದ. ಒಂದೇ ವಾರಕ್ಕೆ ಸೊರಗಿದ್ದ.

“ಅವರದ್ದೇನೂ ತಪ್ಪಿಲ್ಲ” ಎಂದಳು ಅವಳು. “ಮಚ್ಚೆ ಬಲಗೆನ್ನೆ ಮೇಲೇ ಇತ್ತು. ಅಳಿಸಿದ್ದು ನಾನು. ತೊಳೆಯೋ ಮುಂಚಿನ ಪ್ರತಿ ಇದೆ, ಮತ್ತೆ ತರ್ತೀನಿ.”

ಕೋಣೆಯಲ್ಲಿ ಗುಜುಗುಜು ಎದ್ದಿತು. ರೀಲುತಾತ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಯಂತ್ರದ ಎಡವಟ್ಟು ಇರಬೇಕು, ಅಲ್ಲವೇನಮ್ಮಾ ಎಂದು ಮೆತ್ತಗೆ ಕೇಳಿದರು. ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳ ಮಾನವೂ ಉಳಿಯುತ್ತಿತ್ತು, ಕೆಲಸವೂ ಉಳಿಯುತ್ತಿತ್ತು. ಅವಳು ಅವನ ಮುಖ ನೋಡಿದಳು.

“ಅಲ್ಲ ತಾತ. ಬೇಕಂತಲೇ ಅಳಿಸ್ದೆ. ಹೊಟ್ಟೆಕಿಚ್ಚಿಗೆ.”

“ಯಾರ ಮೇಲಮ್ಮಾ?”

ಅವಳು ತಾತನ ಕೊರಳ ಚೀಟಿಯತ್ತ ಬೆರಳು ತೋರಿಸಿದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ತಾತ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು, ಅವಳನ್ನು ನೋಡಿದರು, ಕೊನೆಗೆ ನಿಧಾನವಾಗಿ ಅವನ ಕಡೆ ತಿರುಗಿದರು.

“ಸರಿ, ಅವಳೇನೋ ಅಳಿಸಿದಳು. ಊರಿಗೆಲ್ಲ ಕನ್ನಡಕ ಕೊಡೋನು ನೀನು, ಪಕ್ಕದಲ್ಲೇ ಕೂತು ಪೂರ್ತಿ ನೋಡಿದೆ ಅಂದ್ಯಲ್ಲ. ನಿನ್ನ ಕಣ್ಣು ಎಲ್ಲಿತ್ತಪ್ಪಾ?”

ಅವನು ತಾತನನ್ನು ಬಿಟ್ಟು ಅವಳತ್ತ ನೋಡಿದ.

“ಪರದೆ ಮೇಲಿರಲಿಲ್ಲ ತಾತ.”

ಇಷ್ಟೇ ಅಂದ. ಅವಳಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಮುಖ ಮರೆಸಿಕೊಂಡು ಮೆಟ್ಟಿಲ ಕಡೆ ತಿರುಗಿದಳು.

ತಾತ ಕಂಪನಿಗೆ ಬರೆದಿದ್ದ ಪತ್ರವನ್ನು ಮಡಚಿ ಜೇಬಿಗಿಟ್ಟರು. ಒಂದು ವಾರದಲ್ಲಿ ಮಚ್ಚೆ ಇದ್ದ ಜಾಗಕ್ಕೆ ಬಂದರೆ ಡಿಸ್ಕಿಗೆ ಸಂಘದ ಒಪ್ಪಿಗೆ ಇದೆ ಎಂದರು. ಯಾರೂ ಎದುರಾಡಲಿಲ್ಲ. ಬಲಗೆನ್ನೆಯ ಪಕ್ಷದವರು ಗೆದ್ದ ಖುಷಿಯಲ್ಲಿ ಆಗಲೇ ಪಕ್ಕದವರನ್ನು ಕೆಣಕತೊಡಗಿದ್ದರು.

ಅವಳು ಮೆಟ್ಟಿಲಿಳಿದು ಓಡುತ್ತಿದ್ದಳು. ಅವನು ನಡುಮೆಟ್ಟಿಲಲ್ಲಿ ಬಂದು ಅಡ್ಡ ನಿಂತ. ಇಬ್ಬರಿಗೂ ಏದುಸಿರು.

“ಮತ್ತೆ ದಿನಾ ಅವಳ ಮಾತೇ ಆಡ್ತಿದ್ರಲ್ಲ?” ಅವಳು ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

“ಇನ್ನೇನು ಮಾತಾಡಬೇಕು ಅಂತ ಗೊತ್ತಾಗ್ತಿರಲಿಲ್ಲ. ಹುಡುಗೀರ ಹತ್ರ ಮಾತಾಡಿ ಅಭ್ಯಾಸ ಇಲ್ಲ ನನಗೆ. ಗೊತ್ತಿದ್ದದ್ದು ಅದೊಂದೇ ಸಿನಿಮಾ.”

“ಏಳನೇ ರೀಲು, ಏಳನೇ ರೀಲು ಅಂತ ಜಪ ಮಾಡ್ತಿದ್ದದ್ದು?”

ಅವನು ತಲೆ ಕೆರೆದುಕೊಂಡ. “ಎಲ್ಲಕ್ಕಿಂತ ಜಾಸ್ತಿ ಹಾಳಾಗಿದ್ದ ರೀಲು ಅದು ಅಂತ ಮ್ಯಾನೇಜರು ಹೇಳಿದ್ರು. ಮೂರು ವಾರನಾದ್ರೂ ನಿಮ್ಮ ಪಕ್ಕ ಕೂರಬಹುದು ಅಂತ...”

ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಕಣ್ಣೊರೆಸಿಕೊಂಡು, ಈ ಹಾಳು ಬುದ್ಧಿಯವಳು ಮತ್ತೆ ಹೊಟ್ಟೆಕಿಚ್ಚು ಪಡುತ್ತಾಳೆ, ಈಗಲೇ ಯೋಚನೆ ಮಾಡಿ ಎಂದಳು. ಅವನು ಯೋಚನೆ ಮಾಡಲಿಲ್ಲ. ಈ ಸಲ ಕೇಳದೆ ಗಪ್ಪನೆ ಹಿಡಿಯಲಿಲ್ಲ, ಕೈ ಮುಂದೆ ಚಾಚಿ ಕಾದ. ಅವಳು ತಾನಾಗಿಯೇ ತನ್ನ ಕೈ ಅದರೊಳಗಿಟ್ಟಳು.

“ನಾಳೆಯಿಂದ ಸಹಿ ಹಾಕೋಕೆ ತಾತನ್ನ ಕಳಿಸ್ತೀನಿ” ಎಂದ ಅವನು.

“ನೀವು ಬರಲ್ವಾ?”

“ಬರ್ತೀನಿ. ಕೆಲಸ ಏನೂ ಇಲ್ಲದೆ... ಸುಮ್ನೆ.”

“ಸುಮ್ನೆ ಬಂದು ಏನ್ ಮಾಡ್ತೀರಿ?”

“ನಿನ್ನ ನೋಡ್ತೀನಿ.”

ಅವಳು ತಲೆಯೆತ್ತಿ ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟಳು. “ಹಾಗಾದ್ರೆ ಬೇಗ ಬಾ” ಎಂದಳು.