ಕೊಡಲಿ ದ್ವೀಪ ಎಲ್ಲಿ ಹೋಯಿತು?

"ಶುಕ್ರವಾರ ನಕ್ಷೆ ಅಚ್ಚಿಗೆ ಹೋಗುತ್ತೆ. ಅಷ್ಟರೊಳಗೆ ಆ ದ್ವೀಪ ಇದೆಯೋ ಇಲ್ಲವೋ ಹೇಳಿಬಿಡಿ," ಎಂದರು ಮೇಲಧಿಕಾರಿ.

ನಕ್ಷೆ ಕಚೇರಿಯ ಉದ್ದನೆ ಮೇಜಿನ ಮೇಲೆ ಎರಡು ಹಾಳೆಗಳಿದ್ದವು. ಒಂದು, ಮೂವತ್ತು ವರ್ಷದ ಹಿಂದಿನ ಉತ್ತರ ಕರಾವಳಿಯ ನಕ್ಷೆ. ಅದರಲ್ಲಿ ಮೊಣಕೈ ಕೊಲ್ಲಿಯ ನಡುವೆ, ಸುತ್ತಲೂ ನೀರಿರುವ ಕೊಡಲಿ ದ್ವೀಪ. ಇನ್ನೊಂದು, ವಿಮಾನದಿಂದ ತೆಗೆದ ಹೊಸ ಫೋಟೋ. ಅದರಲ್ಲಿ ದ್ವೀಪವೇ ಇಲ್ಲ, ನೆಲಕ್ಕೆ ಅಂಟಿಕೊಂಡ ಒಂದು ಗುಡ್ಡ ಅಷ್ಟೇ. ಹಳೆಯ ನಕ್ಷೆ ಬರೆದವರು ಪೆನ್ಸಿಲಕ್ಕನ ಅಪ್ಪ. ಕಚೇರಿಯಲ್ಲಿ ನಕ್ಷೆ ಬಿಡಿಸುವ ಅವಳನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ. "ಇಲ್ಲದ ದ್ವೀಪ ಹೆತ್ತವರು" ಎಂದು ಕಾಫಿ ಹೊತ್ತಿನಲ್ಲಿ ಯಾರೋ ನಕ್ಕಿದ್ದು ಅವಳ ಕಿವಿಗೂ ಬಿದ್ದಿತ್ತು. ದ್ವೀಪ ಇಲ್ಲವೆಂದಾದರೆ ಆ ಗುಡ್ಡಕ್ಕೊಂದು ಕಾಲುದಾರಿ ಅಚ್ಚಾಗುತ್ತದೆ, ನಕ್ಷೆಯ ಮೂಲೆಯಿಂದ ಅಪ್ಪನ ಹೆಸರು ಹೋಗುತ್ತದೆ.

ಸೊಂಟ ಮುರಿದುಕೊಂಡು ಮನೆ ಹಿಡಿದಿದ್ದ ಅಪ್ಪನದು ಒಂದೇ ಮಾತು. "ಅದರ ಸುತ್ತ ದೋಣಿಯಲ್ಲಿ ಸುತ್ತಿದ್ದೀನಿ. ಹೋಗಿ ನೋಡು."

ಅಪ್ಪ ಸುಳ್ಳು ಹೇಳುವವರಲ್ಲ. ಫೋಟೋಗೂ ಸುಳ್ಳು ಹೇಳಲು ಬಾಯಿಲ್ಲ. ಪೆನ್ಸಿಲಕ್ಕನಿಗೆ ತಲೆ ಕೆಟ್ಟು ಹೋಗಿತ್ತು.

ಮೂವರು ಹೊರಟರು: ಅವಳು, ಫೋಟೋ ತೆಗೆದ ಸಹೋದ್ಯೋಗಿ, ಹಗ್ಗ ಮತ್ತು ಅಡುಗೆಯ ಹೊಣೆ ಹೊತ್ತ ಸೋದರಮಾವ. ಉಬ್ಬರ ಇಳಿತದ ಪಟ್ಟಿ ನೋಡಿ ಅಮಾವಾಸ್ಯೆಯ ಮರುದಿನವನ್ನೇ ಆರಿಸಿದ್ದು ಅವಳು. ನೀರು ತಿಂಗಳಲ್ಲೇ ಅತಿ ಕೆಳಗಿಳಿಯುವ ಬೆಳಗು ಅದು. ಕಾಲು ಒದ್ದೆಯಾಗದೆ ಅಳತೆ ಮುಗಿಸಿಬಿಡಬಹುದು ಎಂದು ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡಿದ್ದಳು.

ಕೊಲ್ಲಿಯ ಅಂಚಿಗೆ ಬಂದಾಗ ಬೆಳಗಿನ ಐದೂವರೆ. ಆ ಉತ್ತರದ ಕಡಲತೀರದಲ್ಲಿ ಮೆತ್ತಗಿನದು ಎನ್ನುವುದು ಯಾವುದೂ ಇರಲಿಲ್ಲ. ಕಪ್ಪು ಬಂಡೆಯ ಗೋಡೆಗಳು ನೇರ ಕಡಲಿಗಿಳಿದಿದ್ದವು, ಅವುಗಳ ಸಂದುಗಳಲ್ಲಿ ಸಾವಿರಾರು ಬಿಳಿ ಹಕ್ಕಿಗಳು ಒಂದೇ ಸಮನೆ ಜಗಳವಾಡುತ್ತಿದ್ದವು. ಗೋಡೆಗಳ ನಡುವೆ ಕೊಲ್ಲಿ ಮಡಿಸಿದ ಮೊಣಕೈಯಂತೆ ಒಳಗೆ ತಿರುಗಿತ್ತು. ಅದರ ಬಾಯಿಯ ತುಂಬ ಚೂಪು ಕಲ್ಲುಗಳು ತಲೆ ಎತ್ತಿದ್ದವು. ಇವರ ಮುಂದೆ ಮಾತ್ರ ಒದ್ದೆ ಮರಳು, ಅದರಾಚೆ ಮಂಜು.

"ನಕ್ಷೆ ಪ್ರಕಾರ ನಾವೀಗ ಮುಳುಗಿರಬೇಕು," ಎಂದ ಫೋಟೋದವನು, ಮರಳಿನ ಮೇಲೆ ನಡೆಯುತ್ತಾ.

"ಮುಳುಗಿದ್ರೆ ನಿನ್ನ ಬಾಯಾದ್ರೂ ಮುಚ್ಚುತ್ತಿತ್ತು," ಎಂದರು ಮಾವ.

ನೂರು ಹೆಜ್ಜೆ ದಾಟುತ್ತಲೇ ಮಂಜಿನೊಳಗಿಂದ ಕೊಡಲಿಯ ಅಲಗಿನಂಥ ಬಂಡೆ ಎದ್ದು ಬಂತು. ಅದರ ಬುಡದಲ್ಲಿ ಎರಡು ಬಾಯಿಯ ಗುಹೆ. ಎಲ್ಲವೂ ಅಪ್ಪ ಬರೆದಂತೆಯೇ, ನೀರೊಂದು ಬಿಟ್ಟು! ಪೆನ್ಸಿಲಕ್ಕ ನಕ್ಷೆಯನ್ನು ತಿರುಗಿಸಿ ನೋಡಿದಳು, ದಿಕ್ಸೂಚಿಯನ್ನು ತಟ್ಟಿ ನೋಡಿದಳು. ಅಪ್ಪ ಬೇರೆ ಕೊಲ್ಲಿಗೆ ಹೋಗಿದ್ದರೇ? ಮನೆಯಲ್ಲೇ ಕೂತು ಬರೆದರೇ? ಹಾಗೆ ಯೋಚಿಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

"ಪುಟ್ಟಿ, ಮೇಲೆ ನೋಡು," ಎಂದರು ಮಾವ.

ಗುಹೆಯ ಪಕ್ಕದ ಗೋಡೆಯಲ್ಲಿ, ಎರಡಾಳೆತ್ತರದಲ್ಲಿ, ಉಳಿಯಿಂದ ಕೆತ್ತಿದ ಒಂದು ಅಡ್ಡಗೆರೆ. ಕೆಳಗೊಂದು ತ್ರಿಕೋನ. ಅಪ್ಪನದೇ ಗುರುತು. ನೀರು ಏರಿ ನಿಂತ ಮಟ್ಟಕ್ಕೆ ಹಾಗೆ ಗೆರೆ ಕೊರೆಯುವುದು ಅವರ ಅಭ್ಯಾಸ. ಮನೆಯ ನೀರಿನ ತೊಟ್ಟಿಯನ್ನೂ ಬಿಟ್ಟಿರಲಿಲ್ಲ.

"ನೀರೇ ಇಲ್ಲದ ಕಡೆ ನೀರಿನ ಗೆರೆ," ಎಂದ ಫೋಟೋದವನು. "ಅಷ್ಟು ಮೇಲೆ ಹೇಗೆ ಹತ್ತಿದ್ರು?"

"ಏಣಿ ಹೊತ್ತುಕೊಂಡು ಬಂದಿರಬೇಕು ನಮ್ಮ ಭಾವ," ಎಂದರು ಮಾವ.

ಗುಹೆ ಅಳೆದು, ಬಂಡೆ ಅಳೆದು, ಮಾವ ಕಾಸಿದ ಚಹಾ ಕುಡಿಯುವಷ್ಟರಲ್ಲಿ ಮೂರು ಗಂಟೆ ಹೋದದ್ದೇ ತಿಳಿಯಲಿಲ್ಲ. ಪಾತ್ರೆ ತೊಳೆಯಲು ಹೋದ ಮಾವ ಪಾತ್ರೆಯಿಲ್ಲದೆ ಓಡಿ ಬಂದರು.

"ಮರಳೆಲ್ಲಿ? ಬಂದ ದಾರಿ ಎಲ್ಲಿ?"

ನೀರು ಎರಡೂ ಕಡೆಯಿಂದ ಬರುತ್ತಿತ್ತು. ಬಂದ ದಾರಿಯ ಮೇಲೆ ಎರಡು ಅಲೆಗಳು ಎದುರುಬದುರಾಗಿ ಬಂದು ಕೈ ಕುಲುಕಿಕೊಂಡವು.

"ಮೊಣಕಾಲುದ್ದ ಅಷ್ಟೇ! ಓಡೋಣ!" ಫೋಟೋದವನು ಇಳಿದೇಬಿಟ್ಟ.

ಪೆನ್ಸಿಲಕ್ಕ ಗೋಡೆಯ ಗೆರೆ ನೋಡಿದಳು.

"ಬೇಡ! ವಾಪಸ್ ಬಾ! ಅಪ್ಪ ಏಣಿ ಹಾಕಲಿಲ್ಲ, ದೋಣಿಯಲ್ಲಿ ನಿಂತು ಕೆತ್ತಿದ್ದು! ನೀರು ಅಲ್ಲಿವರೆಗೆ ಬರುತ್ತೆ!"

ಆಗಲೇ ಅವನು ಸೊಂಟದವರೆಗೆ ಮುಳುಗಿದ್ದ. ಕಾಲ ಕೆಳಗಿನ ಮರಳು ಜಾರಿತು. ಕ್ಯಾಮೆರಾ ಚೀಲ ತೇಲಿಹೋಯಿತು. ಮಾವ ಹಗ್ಗ ಬೀಸಿದರು. ತಪ್ಪಿತು. ಮತ್ತೆ ಬೀಸಿದರು. ಅವನ ತೋಳಿಗೆ ಸಿಕ್ಕಿತು.

"ಬಿಡಬೇಡ್ವೋ!"

ಇಬ್ಬರೂ ಬಂಡೆಗೆ ಕಾಲು ಕೊಟ್ಟು ಎಳೆದರು. ಪೆನ್ಸಿಲಕ್ಕನ ಅಂಗೈ ಚರ್ಮ ಕಿತ್ತುಬಂತು. ಅವನನ್ನು ಮೇಲೆಳೆದು ಹಾಕಿದಾಗ ಅವನ ಹಲ್ಲುಗಳು ಕಟಕಟ ಎನ್ನುತ್ತಿದ್ದವು.

"ಗೆರೆಗಿಂತ ಮೇಲೆ ಹತ್ತಿ," ಎಂದಳು ಅವಳು. ಉಗುರು ಒಡೆದುಕೊಂಡು, ಹಕ್ಕಿಗಳ ಬೈಗುಳ ತಿಂದು, ಮೂವರೂ ಕೊಡಲಿಯ ಹೆಗಲೇರಿದರು.

ಕೆಳಗೆ ಗುಹೆ ಮುಳುಗಿತು. ಚೂಪು ಕಲ್ಲುಗಳೂ ಮುಳುಗಿ, ಕೊಲ್ಲಿಯ ಬಾಯಿ ನುಣ್ಣಗೆ ತೆರೆದುಕೊಂಡಿತು. ದೋಣಿ ಒಳಗೆ ಬರುವುದು ಹೀಗೆ, ಇಂಥ ದಿನ ಮಾತ್ರ. ಅತಿ ಕೆಳಗಿಳಿಯುವ ದಿನವೇ ನೀರು ಅತಿ ಮೇಲೇರುವ ದಿನವೂ ಹೌದು ಎಂಬುದು ಕಚೇರಿಯ ಯಾರಿಗೇ ಆಗಲಿ ಗೊತ್ತಿರುವ ಪಾಠ. ಪಟ್ಟಿಯಲ್ಲಿ ತನಗೆ ಬೇಕಾದ ಸಾಲನ್ನಷ್ಟೇ ಅವಳು ಓದಿದ್ದಳು.

"ಅಕ್ಕ, ಹಾಗಾದ್ರೆ ದ್ವೀಪ ಎಲ್ಲಿದೆ?" ಎಂದ ಫೋಟೋದವನು, ಇನ್ನೂ ನಡುಗುತ್ತಾ.

"ಅದರ ಮೇಲೇ ಕೂತಿದ್ದೀಯ."

ಹನ್ನೊಂದೂವರೆಗೆ ನೀರು ಗೆರೆಯನ್ನು ಮುಟ್ಟಿತು. ಮುಟ್ಟಿ ನಿಂತಿತು, ಒಂದು ಬೆರಳೂ ಹೆಚ್ಚಿಲ್ಲ. ಪೆನ್ಸಿಲಕ್ಕ ಅತ್ತುಬಿಟ್ಟಳು. ಮಾವ ನೋಡದವರಂತೆ ಹಗ್ಗ ಸುತ್ತಿದರು. ಆಮೇಲೆ ಅವಳು ಅದೇ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಆಳ ಅಳೆದು ಬರೆದುಕೊಂಡಳು.

ಮರಳು ಮತ್ತೆ ಕಾಣಲು ಮಧ್ಯಾಹ್ನ ಮೂರು ದಾಟಿತು. ಹಸಿದು, ಒದ್ದೆಯಾಗಿ, ಕುಂಟುತ್ತಾ ಮೂವರೂ ಹಿಂದಿರುಗಿದರು. ಈ ಸಲ ಅವಳು ಹೆಜ್ಜೆ ಎಣಿಸುತ್ತಿದ್ದಳು.

ಗುರುವಾರ ಮನೆಯಲ್ಲಿ ಅಪ್ಪ ಅವಳ ಅಂಗೈಗೆ ಸುತ್ತಿದ್ದ ಬಟ್ಟೆ ನೋಡಿದರು. "ದೋಣಿ ಗಟ್ಟಿ ಇತ್ತಾ?"

"ದೋಣಿ ಎಲ್ಲಿ ಅಪ್ಪ, ನಡಕೊಂಡು ಹೋದ್ವಿ."

"ದ್ವೀಪಕ್ಕೆ? ನಡಕೊಂಡಾ?" ಅಪ್ಪನ ಬಾಯಿ ತೆರೆದೇ ಇತ್ತು. ನೀರಿಳಿಯುವ ಮುನ್ನ ಕಲ್ಲುಗಳನ್ನು ದಾಟಿ ಹೊರಬೀಳುವ ಅವಸರದಲ್ಲಿ, ಅಲ್ಲಿ ನೆಲ ಏಳುವುದನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಮೂವತ್ತು ವರ್ಷ ಅವರು ಅರ್ಧ ಸರಿಯಾಗಿಯೇ ಹಟ ಹಿಡಿದಿದ್ದರು.

ಆಮೇಲೆ ಕೈ ಚಾಚಿದರು. "ಪೆನ್ಸಿಲ್ ಕೊಡು. ಎಷ್ಟು ಹೆಜ್ಜೆ?"

"ನೂರ ಹನ್ನೆರಡು."

ಅಪ್ಪ ದ್ವೀಪವನ್ನು ಅಳಿಸಲಿಲ್ಲ. ನೆಲದಿಂದ ಅದರವರೆಗೆ ಒಂದೊಂದೇ ಚುಕ್ಕಿ ಇಡುತ್ತಾ ಹೋದರು. ಕೊನೆಯ ಚುಕ್ಕಿಯ ಪಕ್ಕ, ಉಬ್ಬರದಲ್ಲಿ ಈ ದಾರಿ ಮುಳುಗುತ್ತದೆ, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಎರಡಾಳುದ್ದ ಎಂದು ಬರೆದು, ಪೆನ್ಸಿಲನ್ನು ಮಗಳಿಗೆ ಹಿಂದಿರುಗಿಸಿದರು.

"ನಿನ್ನ ಹೆಸರೂ ಹಾಕು," ಎಂದರು.