ಹತ್ತಬೇಡ

೨೦೧೯ರ ಏಪ್ರಿಲ್ ೧೬, ಮಂಗಳವಾರ. ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಠಾಣೆಗೆ ಫೋನ್ ಬಂತು. ವೆಲ್ಷ್ ನಾಡಿನ ಕ್ರೇಗ್ವೆನ್ ಕೋಟೆ ನೋಡಲು ಲೀಡ್ಸ್‌ನಿಂದ ಬಂದಿದ್ದ ಪಾಲೀನ್ ಸ್ಟಾಬ್ಸ್ ಎಂಬಾಕೆಯ ದೂರು: ಉತ್ತರ ಬುರುಜಿನ ಸುತ್ತುಮೆಟ್ಟಿಲಿನಿಂದ ಗಂಡ ಡೆರೆಕ್ ಬಿದ್ದಿದ್ದಾರೆ, ಮೆಟ್ಟಿಲು ತಾನಾಗಿ ಮುರಿದದ್ದಲ್ಲ, ಯಾರೋ ಒಡೆದಿದ್ದಾರೆ.

ಸಾರ್ಜೆಂಟ್ ಮೆರೆರಿಡ್ ಪ್ರೋಬರ್ಟ್ ಕಾನ್‌ಸ್ಟೆಬಲ್ ಗ್ವಿಲಿಮ್‌ನನ್ನು ಕರೆದುಕೊಂಡು ನಾಲ್ಕಕ್ಕೆ ಕೋಟೆ ತಲುಪಿದಳು. ಗಾಯಾಳುವನ್ನು ಆಗಲೇ ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸಿದ್ದರು. ಮಹಜರು ನಡೆಯಿತು: ಇಪ್ಪತ್ತಮೂರನೆಯ ಮೆಟ್ಟಿಲಿನಿಂದ ಸಾಲಾಗಿ ಮೂರು ಮೆಟ್ಟಿಲು ಇಲ್ಲ. ಪಾಚಿ ಹಿಡಿದ ಕಲ್ಲಿನ ನಡುವೆ ಒಡೆದ ಜಾಗ ಮಾತ್ರ ಬೆಳ್ಳಗಿತ್ತು, ಮೇಲೆ ಸುತ್ತಿಗೆಯ ಗುರುತು. ಕಲ್ಲಿನ ತುಂಡುಗಳನ್ನು ಯಾರೋ ಗೋಡೆಯ ಗೂಡಿನಲ್ಲಿ ಜೋಡಿಸಿಟ್ಟಿದ್ದರು.

ಪಾಲೀನ್ ಆಸ್ಪತ್ರೆಗೆ ಹೋಗಲು ಟ್ಯಾಕ್ಸಿಗೆ ಕಾಯುತ್ತಿದ್ದಳು.

"ಕೆಳಗಡೆ ಹಗ್ಗ ಕಟ್ಟಿ ಒಂದು ಹಲಗೆ ತೂಗುಹಾಕಿದ್ರು. ವೆಲ್ಷ್ ಭಾಷೇಲಿತ್ತು, ನಮಗೇನು ಗೊತ್ತಾಗುತ್ತೆ? ಡೆರೆಕ್ ದಾಟ್ಕೊಂಡು ಹೋದ್ರು."

"ಎಲ್ಲಿ ಇಳ್ಕೊಂಡಿದ್ದೀರಿ?"

"ಇಲ್ಲೇ ಕೆಳಗೆ, ಕೈನ್ವೆನ್ ಅನ್ನೋ ಹೆಂಗಸಿನ ಮನೇಲಿ, ಬಾಡಿಗೆ ಕೋಣೆ. ಮೊದಲು ಓಡಿಬಂದೋರು ಅವರೇ. ಇವರ ತಲೆ ತೊಡೆ ಮೇಲಿಟ್ಕೊಂಡು 'ಕ್ಷಮಿಸಿ, ಕ್ಷಮಿಸಿ' ಅಂತ ಅಳ್ತಾನೇ ಇದ್ರು."

ತುರಿಕೆ ಗಿಡದ ಪೊದೆಯಲ್ಲಿ ಬಿದ್ದಿದ್ದ ಹಲಗೆಯನ್ನು ಗ್ವಿಲಿಮ್ ಎತ್ತಿ ತಂದ.

"ಯಾರೋ ಪುಂಡರ ಕೆಲಸ, ಮೇಡಂ."

"ಪುಂಡರು ಹಲಗೆ ಬರೆದು ಹಾಕ್ತಾರೇನೋ? ಓದು."

"ಹತ್ತಬೇಡ."

"ಸರ್ಕಾರದೋರು ಏನಂತ ಬರೀತಾರೆ?"

ಗ್ವಿಲಿಮ್ ತಲೆ ಕೆರೆದುಕೊಂಡ. "ಹತ್ತಬೇಡಿ."

"ಹೂಂ. ಊರವರಿಗೆಲ್ಲ ಯಾರಾದ್ರೂ 'ನೀನು' ಅಂತಾರಾ? ಇದು ಒಬ್ಬರಿಗೇ ಬರೆದದ್ದು. ಅದೂ ಮನೆಯವರಿಗೆ."

ಹಲಗೆಯ ಹಿಂಬದಿಯಲ್ಲಿ ಮಾಸಿದ ಅಕ್ಷರ: ಕೋಣೆ ಖಾಲಿ ಇಲ್ಲ.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಕೈನ್ವೆನ್ ಮನೆಯ ಗೇಟಿನಲ್ಲಿ ಹಲಗೆ ಹಾಕುವ ಎರಡು ಕೊಕ್ಕೆ ಬರಿದಾಗಿ ತೂಗುತ್ತಿದ್ದವು. ಅಡುಗೆಮನೆಯಲ್ಲಿ ಒಲೆಯ ಪಕ್ಕ ಆಕೆಯ ಗಂಡ ಎಮ್ಲಿನ್ ಕೂತಿದ್ದ. ಎದುರಿಗಿದ್ದ ಬ್ರೆಡ್ಡು ಹಾಗೇ ಒಣಗಿತ್ತು. ಮೆರೆರಿಡ್ ಕೈನ್ವೆನ್‌ಳನ್ನು ಹಿತ್ತಲಿಗೆ ಕರೆದಳು.

"ಈ ಹಲಗೆ ನಿಮ್ಮದಾ?"

"ನಂದೇ."

"ಮೆಟ್ಟಿಲು?"

"ನಾನೇ ಒಡೆದದ್ದು. ನಿನ್ನೆ ಬೆಳಿಗ್ಗೆ, ಊರು ಏಳೋ ಮೊದಲು. ಆ ಮನುಷ್ಯ ಹೇಗಿದ್ದಾರೆ?"

"ಸೊಂಟ, ಬೆನ್ನು ಮುರಿದಿದೆ. ನಡೆಯೋದು ಅನುಮಾನ ಅಂತಾರೆ. ಯಾಕೆ ಒಡೆದ್ರಿ?"

ಕೈನ್ವೆನ್ ಬಟ್ಟೆಹಗ್ಗ ಹಿಡಿದು ನಿಂತಳು. ಕಳೆದ ವರ್ಷ ಇದೇ ತಿಂಗಳು ಎಮ್ಲಿನ್ ಅಂಗಳದಲ್ಲಿ ಟ್ರ್ಯಾಕ್ಟರ್ ಹಿಂದಕ್ಕೆ ತೆಗೆಯುತ್ತಿದ್ದಾಗ ಮಗಳು ಹೆಲೆದ್ ಕುರಿಮರಿ ಎತ್ತಿಕೊಂಡು ಹಿಂದೆ ಬರುತ್ತಿದ್ದಳು. ಅವನು ನೋಡಲಿಲ್ಲ. ಸತ್ತಾಗ ಅವಳಿಗೆ ಇಪ್ಪತ್ತಾರು. ಅಂದಿನಿಂದ ಅವನು ಯಾವ ಗಾಡಿಯನ್ನೂ ಹತ್ತಿಲ್ಲ.

"ಫೆಬ್ರವರಿಯಿಂದ ದಿನಾ ಮೂರು ಗಂಟೆಗೆ ಬುರುಜು ಹತ್ತೋಕೆ ಶುರು ಮಾಡ್ದ. ಹಿಂದೇನೇ ಹೋಗಿ ನೋಡ್ದೆ ಮಗಳೇ, ತುದೀಲಿ ನಿಂತಿರ್ತಾನೆ. 'ಗಾಳಿಗೆ ಬಂದೆ' ಅಂತಾನೆ. ಡಾಕ್ಟರ ಹತ್ರ ಹೋದ್ರೆ, ಮನಸ್ಸಿನ ಡಾಕ್ಟರನ್ನ ನೋಡೋಕೆ ಹನ್ನೊಂದು ವಾರ ಕಾಯಿರಿ ಅಂದ್ರು. ಬುರುಜಿಗೆ ಬೀಗ ಹಾಕಿ ಅಂತ ಕೋಟೆ ಕಚೇರಿಗೆ ಫೋನ್ ಮಾಡ್ದೆ. ಪ್ರವಾಸಿಗಳು ಬರೋ ಕಾಲ, ಆಗಲ್ಲ ಅಂದ್ರು. ಸೋಮವಾರ ಅವನು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಹೋದ. ಓಡಿಹೋಗಿ ಕೋಟು ಹಿಡಿದು ಎಳ್ಕೊಂಡು ಬಂದೆ. ಇನ್ನೇನು ಮಾಡ್ಲಿ, ಹೇಳು?"

"ಸ್ಟಾಬ್ಸ್ ದಂಪತಿಗಳಿಗೆ ಹೇಳಬಹುದಿತ್ತು."

"ತಿಂಡಿ ಕೊಡುವಾಗ ಮಾತು ನಾಲಿಗೆ ತುದಿಗೆ ಬಂತು. ಅವನು ಅಲ್ಲೇ ಕೂತಿದ್ದ. ಹಲಗೆ ಸಾಕು ಅಂದ್ಕೊಂಡೆ. ಬರೆಯುವಾಗ ನನ್ನ ಕಣ್ಣಲ್ಲಿದ್ದದ್ದು ಅವನೊಬ್ಬನೇ. ಬೇರೆಯವರೂ ಹತ್ತುತ್ತಾರೆ ಅನ್ನೋದೇ ಹೊಳೀಲಿಲ್ಲ."

ಕೊಟ್ಟಿಗೆಯಿಂದ ಸುತ್ತಿಗೆ ವಶಪಡಿಸಿಕೊಂಡದ್ದು ಹತ್ತೂವರೆಗೆ. ದಸ್ತಗಿರಿ ಹನ್ನೊಂದು ಹತ್ತಕ್ಕೆ. ಕಾರಿನ ಬಾಗಿಲಲ್ಲಿ ಕೈನ್ವೆನ್ ಕಾಲೂರಿ ನಿಂತುಬಿಟ್ಟಳು.

"ನನ್ನ ಕರ್ಕೊಂಡು ಹೋಗು, ಬೇಡ ಅನ್ನಲ್ಲ. ಮೂರು ಗಂಟೆಗೆ ಅವನ ಹತ್ರ ಯಾರಿರ್ತಾರೆ?"

ಮೆರೆರಿಡ್ ಗ್ವಿಲಿಮ್‌ನನ್ನು ಅಲ್ಲೇ ಬಿಟ್ಟಳು. ಇಡೀ ಠಾಣೆಗೆ ಇದ್ದದ್ದು ಮೂವರೇ ಕಾನ್‌ಸ್ಟೆಬಲ್‌ಗಳು. ನಾಳೆ ಯಾರನ್ನು ಬಿಡುವುದೋ ಅವಳಿಗೂ ತಿಳಿಯಲಿಲ್ಲ.

ಎಮ್ಲಿನ್ ಎರಡು ಗಂಟೆ ಹೊತ್ತು ಒಲೆಯ ಪಕ್ಕದಲ್ಲೇ ಕೂತಿದ್ದ. ಆಮೇಲೆ ಕೇಳಿದ, "ಅವಳು ಒಡೆದದ್ದು ನನಗಾಗಿಯಾ?"

"ಹೌದು."

ಎದ್ದು ಕೋಟು ಹಾಕಿಕೊಂಡ. ಗ್ವಿಲಿಮ್ ಬಾಗಿಲಿಗೆ ಅಡ್ಡ ನಿಂತ. "ಎಲ್ಲಿಗೆ?"

"ಠಾಣೆಗೆ. ಗಾಡಿ ಬೇಡ, ನಡೀತೀನಿ. ಬೇಕಿದ್ರೆ ನೀನೂ ಬಾ."

ವರದಿಯಲ್ಲಿ 'ಉದ್ದೇಶ' ಎಂಬ ಕಡೆ ಮೆರೆರಿಡ್ ಬರೆದಳು: ಗಂಡನ ಪ್ರಾಣ ಉಳಿಸುವುದು. ಹಾನಿಯಾದವರು: ಡೆರೆಕ್ ಸ್ಟಾಬ್ಸ್, ವಯಸ್ಸು ೬೧. ಎರಡೂ ಸಾಲು ಒಂದೇ ಹಾಳೆಯಲ್ಲಿದ್ದವು. ಅವಳು ಪೆನ್ನು ಮುಚ್ಚುವಷ್ಟರಲ್ಲಿ, ಮೂರಕ್ಕೆ ಐದು ನಿಮಿಷವಿರುವಾಗ, ಮಂಡಿವರೆಗೆ ಕೆಸರಾಗಿದ್ದ ಎಮ್ಲಿನ್ ಗ್ವಿಲಿಮ್ ಜೊತೆ ಒಳಗೆ ಬಂದು ಬೆಂಚಿನ ಮೇಲೆ ಕುಸಿದ. ನಾಲ್ಕು ಮೈಲಿ ನಡೆದು ಉಸಿರು ಕಟ್ಟಿತ್ತು.

"ಅವಳನ್ನ ನೋಡೋಕೆ ಬಿಡ್ತೀರಾ?"

"ಈಗ ಆಗಲ್ಲ, ಎಮ್ಲಿನ್."

"ಸರಿ. ಒಂದು ಮಾತು ಹೇಳಿಬಿಡಿ, ಈಗಲೇ. ನಾನು ನೆಲದ ಮೇಲೇ ಇದ್ದೀನಿ ಅಂತ."

ಮೆರೆರಿಡ್ ಲಾಕಪ್ಪಿನ ಬೀಗದ ಕೈ ಎತ್ತಿಕೊಂಡು ಎದ್ದಳು.