ಗಫೂರ್ ಸಾಬರ ಕೊನೇ ರಿಪೇರಿ

ಸುಡು ಮಧ್ಯಾಹ್ನ, ತಿರುಮಣಿಯ ಸೋಲಾರ್ ಪಾರ್ಕಿನ ಫಲಕಗಳ ನಡುವೆ ನನ್ನ ಹಳೇ ಡರ್ಟ್ ಬೈಕು ನಿಂತುಬಿಟ್ಟಿತು. ಎಷ್ಟು ಒದ್ದರೂ ಸ್ಟಾರ್ಟ್ ಆಗಲಿಲ್ಲ; ಪ್ಲಗ್ ಬಿಚ್ಚಿ ನೋಡಿದರೆ ಕಿಡಿಯೇ ಇಲ್ಲ. ಅಮ್ಮನ ಇನ್ಸುಲಿನ್ ನನ್ನ ಜೇಬಿನಲ್ಲೇ ಬಿಸಿಯಾಗುತ್ತಿತ್ತು.

ಧೈರ್ಯಕ್ಕೆಂದು, ನನ್ನನ್ನು 'ಕಾಲೇಜು' ಎಂದೇ ಕರೆಯುತ್ತಿದ್ದ, ಹೋದ ವರ್ಷ ತೀರಿಕೊಂಡ ಸಿರಾದ ಮೆಕ್ಯಾನಿಕ್ ಗಫೂರ್ ಸಾಬರ ಮಿಮಿಕ್ರಿ ಮಾಡಿದೆ: "ಲೇ ಕಾಲೇಜು, ಅಂಗ್ ಒದೀಬ್ಯಾಡ ಕಣ್ಲಾ, ಅದೇನು ನಿನ್ ಪ್ರೊಫೆಸರಾ?"

ನಗುತ್ತಾ ಬಾಯಿ ಮುಚ್ಚಿದೆ. ಅದೇ ದನಿ ನನ್ನ ಬೆನ್ನ ಹಿಂದೆ ಮುಂದುವರಿಯಿತು: "ಕಾಯಿಲ್ ಕಾದೈತೆ ಬೇಟಾ. ಒದ್ದೆಬಟ್ಟೆ ಸುತ್ತು, ಕಿಡಿ ಬತ್ತದೆ."

ತಿರುಗಿದರೆ ಯಾರೂ ಇಲ್ಲ. ನನ್ನ ಬಳಿ ಹನಿ ನೀರೂ ಇರಲಿಲ್ಲ. ಟ್ಯಾಂಕಿನ ಕೆಳಗೆ, ಪ್ಲಗ್ಗಿಗೆ ಕರೆಂಟು ಕೊಡುವ ಇಗ್ನಿಷನ್ ಕಾಯಿಲಿನ ಮೇಲೆ ಕೈಯಿಟ್ಟೆ. ಅದಕ್ಕೆ ಆಗಲೇ ಒದ್ದೆಬಟ್ಟೆ ಸುತ್ತಿಕೊಂಡಿತ್ತು, ಬೆರಳು ಮರಗಟ್ಟುವಷ್ಟು ತಣ್ಣಗೆ.

ಪ್ಲಗ್ ಮತ್ತೆ ಹಾಕಿ ಒದ್ದರೆ, ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಅಮ್ಮನಿಗೆ ಹೊತ್ತಿಗೆ ಸರಿಯಾಗಿ ಸೂಜಿ ಬಿತ್ತು. ಸಾಬರ ಗೋರಿಗೆ ಹೂವಿನ ಚಾದರ ಹೊದಿಸಿ, ಕೈಮುಗಿದು ಬಂದೆ.

ಕಾಯಿಲಿಗೆ ಸುತ್ತಿದ್ದ ಆ ಬಟ್ಟೆಯನ್ನು ಇನ್ನೂ ಬಿಚ್ಚಿಲ್ಲ. ಮೂರು ವಾರ ಬಿಸಿಲು ಕಂಡರೂ ಅದರಿಂದ ನೀರು ತೊಟ್ಟಿಕ್ಕುತ್ತಲೇ ಇದೆ.